ಡಾಕ್ಟರ ಮೇಜಿನ ಮೇಲಿನ ಹಾಳೆ ಯಾರಿಗೆ ಅರ್ಥವಾಗಬೇಕು?

2025ರ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಅದು 'ಓಆರ್‌ಎಸ್ ನಿಷೇಧ' ಎಂಬ ಎರಡು ಪದಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಭೇದಿಯಾದ ಮಗುವಿಗೆ ಆಶಾ ಕಾರ್ಯಕರ್ತೆ ಕೊಟ್ಟುಹೋದ ಪೊಟ್ಟಣವೇ ಕೆಟ್ಟದ್ದೇನೋ ಎಂದು ಯಾರಾದರೂ ಗಾಬರಿಯಾಗಬೇಕು, ಹಾಗಿತ್ತು ಆ ಸುದ್ದಿ. ಸಂಗತಿ ಪೂರಾ ಉಲ್ಟಾ. ಓಆರ್‌ಎಸ್ ನಿಷೇಧವಾಗಿಲ್ಲ. ಓಆರ್‌ಎಸ್ ಅಲ್ಲದ ಸಿಹಿ ಪಾನೀಯಗಳು ಆ ಮೂರಕ್ಷರವನ್ನು ತಮ್ಮ ಹೆಸರಿಗೆ ಅಂಟಿಸಿಕೊಳ್ಳುವಂತಿಲ್ಲ, ಆದೇಶ ಹೇಳಿದ್ದು ಇಷ್ಟೇ.

ಓಆರ್‌ಎಸ್ ಎಂದರೆ ಭೇದಿಯಲ್ಲಿ ಮೈ ಕಳೆದುಕೊಂಡ ನೀರು, ಲವಣ ತುಂಬಿಕೊಡುವ ದ್ರಾವಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಅದರಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು. ಸಕ್ಕರೆ ಮತ್ತು ಉಪ್ಪು ಈ ಹದದಲ್ಲಿದ್ದಾಗ ಕರುಳು ನೀರನ್ನು ಒಳಗೆಳೆದುಕೊಳ್ಳುತ್ತದೆ. ಸಕ್ಕರೆ ಅತಿಯಾದರೆ ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚಬಹುದು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದು ಇದೇ ಕಾರಣಕ್ಕೆ. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು, ಆದರೆ ಆದೇಶ ನಿಂತಿತು.

ಈ ಪ್ರಕರಣದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಎಳೆ ಇದೆ. ಆ ಪಾನೀಯಗಳ ಡಬ್ಬಿಯ ಮೇಲೆ 'ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ' ಎಂದು ಬರೆಯಬೇಕೆಂಬ ಷರತ್ತು ಮೊದಲೇ ಇತ್ತು. ಅಂದರೆ ನಿಜವನ್ನು ಅಚ್ಚು ಹಾಕಿಯೇ ಮಾರಲಾಗುತ್ತಿತ್ತು. ಅಚ್ಚಾದ ಮಾತು ಓದುವವರ ತಲೆಗೆ ಇಳಿಯುವಂತಿತ್ತೇ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕಣ್ಣಿಗೆ ಹೊಡೆಯುತ್ತಿದ್ದದ್ದು ಹೆಸರು. ಅದರ ಮುಂದೆ ಸಣ್ಣಕ್ಷರದ ನಿಜ ಸೋತಿತು.

ತಾಯಂದಿರಿಗೆ ಓದಲು ಬರದೆ ಹೀಗಾಯಿತು ಎನ್ನುವ ಹಾಗಿಲ್ಲ, ಏಕೆಂದರೆ ಇಂಥ ಪಾನೀಯಗಳನ್ನು ಮೆಡಿಕಲ್ ಶಾಪಿನಲ್ಲೇ ಮಾರಲಾಗುತ್ತಿತ್ತು, ಆಸ್ಪತ್ರೆಗಳ ಒಳಗೂ ಇಡಲಾಗುತ್ತಿತ್ತು. ವೈದ್ಯರು, ಔಷಧ ವ್ಯಾಪಾರಿಗಳು, ನರ್ಸ್‌ಗಳು, ಎಲ್ಲ ಓದಿದವರ ಕಣ್ಣು ದಾಟಿಯೇ ಅವು ಮಕ್ಕಳ ಬಾಯಿಗೆ ಹೋದವು. ಹಾಗಾದರೆ ಔಷಧ ಕಂಪನಿಗಳು ವೈದ್ಯರ ಜೊತೆ ಆಡುವ ಭಾಷೆ ಎಂಥದ್ದು? ಅದು ತಿಳಿಯಾಗಿರಬೇಕು ಎಂದು ಒತ್ತಾಯಿಸುವುದರಲ್ಲಿ ಅರ್ಥವಿದೆಯೇ? ವೈದ್ಯರಿಗೆ ಹೇಗೂ ಗೊತ್ತಿರುತ್ತದಲ್ಲ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಆ ಉತ್ತರ ಎಷ್ಟು ಗಟ್ಟಿ ಎಂದು ನೋಡೋಣ.

ಬೆಳಿಗ್ಗೆ ಬಂದು ಸಂಜೆ ಹೋಗುವ ಮಾಹಿತಿ

ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ 60-70 ಕಿಲೋಮೀಟರ್ ಆಸುಪಾಸಿನ ಊರುಗಳು. ಔಷಧ ಕಂಪನಿಯ ಪ್ರತಿನಿಧಿ, ಅಂದರೆ ಮೆಡಿಕಲ್ ರೆಪ್, ಬೆಳಿಗ್ಗೆ ಹೊರಟು, ಒಂದು ಸುತ್ತು ಹಾಕಿ, ರಾತ್ರಿ ಊಟಕ್ಕೆ ಮನೆ ಸೇರಬಹುದಾದ ದೂರ. ಕೋಲಾರ ಪಕ್ಕದ ತಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲೋ ತುಮಕೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಲ್ಲೋ ಇರುವ ವೈದ್ಯರಿಗೆ ಗ್ರಂಥಾಲಯವಿದೆ, ಔಷಧ ವಿಜ್ಞಾನ ವಿಭಾಗವಿದೆ, ವಾರಕ್ಕೊಂದು ಚರ್ಚೆಯಿದೆ. ಶ್ರೀನಿವಾಸಪುರ, ಗುಡಿಬಂಡೆ, ಪಾವಗಡಗಳಲ್ಲಿ ಒಂದು ಕೋಣೆಯ ಕ್ಲಿನಿಕ್ ನಡೆಸುವ ವೈದ್ಯರಿಗೆ ಅವು ಯಾವುವೂ ಇಲ್ಲ. ಹೊಸ ಔಷಧಿಯ ವಿಷಯವನ್ನು ಬಾಗಿಲವರೆಗೆ ಹೊತ್ತು ತರುವವರು ಬಹುಪಾಲು ರೆಪ್‌ಗಳೇ. ಅವರ ಕೈಯಲ್ಲಿ ಔಷಧಿಯ ಗುಣಗಳನ್ನು ಚಿತ್ರ, ಅಂಕಿಗಳಲ್ಲಿ ತೋರಿಸುವ ಬಣ್ಣದ ವಿಷುಯಲ್ ಏಡ್ ಇರುತ್ತದೆ, ಹೋಗುವಾಗ ಮೇಜಿನ ಮೇಲೆ ಇಟ್ಟುಹೋಗುವ ನುಣುಪು ಹಾಳೆ ಇರುತ್ತದೆ.

ಆ ಹಾಳೆಗೆ ಸಿಗುವ ಸಮಯ ಎಷ್ಟು? ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯವನ್ನು ಹಲವು ದೇಶಗಳಲ್ಲಿ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್‌ನಲ್ಲಿ ಅದು 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ. ರೋಗಿಗೇ ಎರಡು ನಿಮಿಷ ಸಿಗುವ ಜಾಗದಲ್ಲಿ ರೆಪ್‌ಗೆ ಅದಕ್ಕಿಂತ ಹೆಚ್ಚು ಸಿಗುವುದು ಕಷ್ಟ. ಹೊರಗೆ ಟೋಕನ್ ಹಿಡಿದವರ ಸಾಲು ಇರುತ್ತದೆ. ಕಣ್ಣಿಗೆ ಬಿದ್ದ ಮೊದಲ ಸಾಲು, ದಪ್ಪಕ್ಷರದ ಒಂದು ಶೇಕಡಾವಾರು, ಏರುವ ಬಾಣದ ಗುರುತು ಇಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಕೆಳಗಿನ ನಕ್ಷತ್ರ ಚಿಹ್ನೆಯ ಅಡಿಟಿಪ್ಪಣಿ ಉಳಿಯುವುದಿಲ್ಲ. ಇಲ್ಲಿ ವೈದ್ಯರ ಜ್ಞಾನದ ಕೊರತೆ ಏನೂ ಇಲ್ಲ. ಎಂಥ ಬುದ್ಧಿವಂತರೇ ಆಗಲಿ, ಮೂವತ್ತು ಸೆಕೆಂಡಿನಲ್ಲಿ ಓದಿದರೆ ಓದುವುದು ಹೀಗೆಯೇ.

ಶೇ 38 ಎಂದರೆ ಎಷ್ಟು ಜನ?

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಸಕ್ಕರೆ ಕಾಯಿಲೆಗೆ ಕೊಡುವ ಎಂಪಾಗ್ಲಿಫ್ಲೊಜಿನ್ ಎಂಬ ಔಷಧಿಯ ಪೇಟೆಂಟ್ ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಒಂದೇ ವಾರದಲ್ಲಿ ಹತ್ತಾರು ಕಂಪನಿಗಳ ಬ್ರ್ಯಾಂಡ್‌ಗಳು ಅಂಗಡಿಗೆ ಬಂದವು. ಸುಮಾರು 60 ರೂಪಾಯಿ ಇದ್ದ ಮಾತ್ರೆ 10 ರೂಪಾಯಿಗಿಂತ ಕಡಿಮೆಗೂ ಸಿಗತೊಡಗಿತು. ಇದು ಬಡ ರೋಗಿಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರ ಮಾತ್ರೆಯಲ್ಲೂ ಅದೇ ಔಷಧಿ ಇದ್ದಾಗ ಕಂಪನಿಗಳು ಬೆಲೆಯಲ್ಲಿ ಪೈಪೋಟಿ ನಡೆಸಬೇಕು, ಇಲ್ಲವೇ ಮಾತಿನಲ್ಲಿ.

ಈ ಔಷಧಿಗೆ ಹೆಸರು ತಂದುಕೊಟ್ಟದ್ದು 2015ರಲ್ಲಿ ಪ್ರಕಟವಾದ ಎಂಪಾ-ರೆಗ್ ಔಟ್‌ಕಮ್ ಪ್ರಯೋಗ. 7,020 ರೋಗಿಗಳನ್ನು ಸರಾಸರಿ ಮೂರು ವರ್ಷ ಗಮನಿಸಲಾಯಿತು. ಅದರ ಅತ್ಯಂತ ಪ್ರಸಿದ್ಧ ಅಂಕಿ: ಹೃದಯ-ರಕ್ತನಾಳದ ಕಾಯಿಲೆಯಿಂದಾಗುವ ಸಾವು ಶೇ 38ರಷ್ಟು ಕಡಿಮೆ. ಅಂಕಿ ಸುಳ್ಳಲ್ಲ. ಈಗ ಅದನ್ನೇ ಜನರ ಲೆಕ್ಕದಲ್ಲಿ ಬಿಡಿಸಿ ಹೇಳೋಣ. ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ 100ಕ್ಕೆ ಸುಮಾರು 6 ಮಂದಿ (ಶೇ 5.9) ಹೃದಯ ಸಂಬಂಧಿ ಕಾರಣಕ್ಕೆ ಸತ್ತರು. ಔಷಧಿ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 4 ಮಂದಿ (ಶೇ 3.7). ಅಂದರೆ ನೂರು ಜನರಿಗೆ ಮೂರು ವರ್ಷ ದಿನವೂ ಮಾತ್ರೆ ಕೊಟ್ಟರೆ ಇಬ್ಬರ ಜೀವ ಉಳಿಯುತ್ತದೆ. ಎರಡು ಜೀವ ಎಂದರೆ ಕಡಿಮೆಯಲ್ಲ, ಒಳ್ಳೆಯ ಔಷಧಿಯೇ ಸರಿ. ಆದರೆ 'ಶೇ 38' ಎಂದು ಕೇಳಿದಾಗ ಮನಸ್ಸಿನಲ್ಲಿ ಮೂಡುವ ಚಿತ್ರ ನೂರಕ್ಕೆ ಇಬ್ಬರದ್ದಲ್ಲ, ನೂರಕ್ಕೆ ಮೂವತ್ತೆಂಟು ಮಂದಿಯದ್ದು.

ಇನ್ನೂ ಮುಖ್ಯವಾದ ಮಾತು ಯಾರ ಮೇಲೆ ಪ್ರಯೋಗ ನಡೆಯಿತು ಎಂಬುದು. ಆ 7,020 ಮಂದಿಗೂ ಸಕ್ಕರೆ ಕಾಯಿಲೆಯ ಜೊತೆಗೆ ಹೃದಯ ಅಥವಾ ರಕ್ತನಾಳದ ಕಾಯಿಲೆ ಆಗಲೇ ಇತ್ತು. ಚಿಂತಾಮಣಿಯ ಕ್ಲಿನಿಕ್ಕಿಗೆ ಬರುವ, ಹೃದಯ ಗಟ್ಟಿಯಿರುವ, ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾದ 40 ವರ್ಷದವರಿಗೆ ಆ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಹಾಳೆಯ ಶೀರ್ಷಿಕೆಯಲ್ಲಿ 'ಸಕ್ಕರೆ ಕಾಯಿಲೆಯವರಲ್ಲಿ' ಎಂದಷ್ಟೇ ಇದ್ದು 'ಹೃದ್ರೋಗವಿದ್ದ' ಎಂಬ ಪದ ಅಡಿಟಿಪ್ಪಣಿಗೆ ಇಳಿದರೆ, ಪ್ರತಿ ಪದವೂ ನಿಜವಾಗಿದ್ದು ಒಟ್ಟು ಅರ್ಥ ದಾರಿ ತಪ್ಪುತ್ತದೆ.

ಅದೇ ಪ್ರಯೋಗದಲ್ಲಿ ಇನ್ನೊಂದು ಲೆಕ್ಕವೂ ಇದೆ. ಜನನಾಂಗದ ಸೋಂಕು ಖಾಲಿ ಮಾತ್ರೆ ತೆಗೆದುಕೊಂಡ ಮಹಿಳೆಯರಲ್ಲಿ ಶೇ 2.6ರಷ್ಟಿತ್ತು, ಔಷಧಿ ತೆಗೆದುಕೊಂಡವರಲ್ಲಿ ಶೇ 10. ಈ ಔಷಧಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಸಕ್ಕರೆ ಬೆರೆತ ತೇವದಲ್ಲಿ ಶಿಲೀಂಧ್ರ ಬೆಳೆಯುವುದು ಸುಲಭ. ಟೊಮೆಟೊ ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ದುಡಿಯುವ, ಹತ್ತಿರದಲ್ಲಿ ಶೌಚಾಲಯವಿಲ್ಲದ, ಅದಕ್ಕೇ ನೀರು ಕುಡಿಯುವುದನ್ನೂ ಕಡಿಮೆ ಮಾಡುವ ಹೆಣ್ಣುಮಗಳಿಗೆ ಇದು ಸಣ್ಣ ತೊಂದರೆಯಲ್ಲ. ನಾಚಿಕೆಯಿಂದ ಆಕೆ ಹೇಳುವುದೂ ಇಲ್ಲ, ಸುಮ್ಮನೆ ಮಾತ್ರೆ ಬಿಟ್ಟುಬಿಡುತ್ತಾಳೆ. ಇದೇ ಗುಂಪಿನ ಔಷಧಿಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೊಅಸಿಡೋಸಿಸ್ ಎಂಬ ಅಪಾಯ ಅಪರೂಪಕ್ಕೆ ಉಂಟಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಎಚ್ಚರಿಸಿದೆ. ಊಟ ಬಿಟ್ಟಾಗ, ವಾಂತಿ-ಭೇದಿಯಾದಾಗ ಈ ಅಪಾಯ ಹೆಚ್ಚು. ಇದನ್ನೆಲ್ಲ 'ಉತ್ತಮ ಸಹನೀಯತೆ' (ಮೈಗೆ ಚೆನ್ನಾಗಿ ಒಗ್ಗುತ್ತದೆ) ಎಂಬ ಎರಡು ಪದದಲ್ಲಿ ಮುಗಿಸಿದರೆ ವೈದ್ಯರಿಗೆ ತಮ್ಮ ರೋಗಿಯನ್ನು ಮೊದಲೇ ಎಚ್ಚರಿಸುವ ಅವಕಾಶವೇ ತಪ್ಪಿಹೋಗುತ್ತದೆ.

ಈ ಔಷಧಿ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ತಮ್ಮ ವೈದ್ಯರೊಂದಿಗೆ ಮಾತಾಡಬೇಕು.

ಓದಿದವರಿಗೂ ಲೆಕ್ಕ ತಪ್ಪುವುದೇಕೆ?

ವೈದ್ಯರಿಗೆ ಸರಳ ಭಾಷೆ ಬೇಕಾಗಿಲ್ಲ ಎಂಬ ನಂಬಿಕೆಯನ್ನು ಅಲುಗಾಡಿಸುವ ಒಂದು ಪ್ರಸಂಗ ಜರ್ಮನಿಯದ್ದು. ಗೆರ್ಡ್ ಗಿಗೆರೆಂಟ್ಸರ್ ಎಂಬ ಮನಶ್ಶಾಸ್ತ್ರಜ್ಞ 160 ಸ್ತ್ರೀರೋಗ ತಜ್ಞರಿಗೆ ಒಂದು ಲೆಕ್ಕ ಕೊಟ್ಟರು. ಸ್ತನ ಕ್ಯಾನ್ಸರ್ ಇರುವವರು ಶೇ 1. ಕ್ಯಾನ್ಸರ್ ಇದ್ದರೆ ಮ್ಯಾಮೊಗ್ರಾಂ ಪಾಸಿಟಿವ್ ಬರುವ ಸಾಧ್ಯತೆ ಶೇ 90. ಇಲ್ಲದಿದ್ದರೂ ತಪ್ಪಾಗಿ ಪಾಸಿಟಿವ್ ಬರುವ ಸಾಧ್ಯತೆ ಶೇ 9. ಈಗ ಒಬ್ಬ ಮಹಿಳೆಗೆ ಪಾಸಿಟಿವ್ ಬಂದಿದೆ, ನಿಜವಾಗಿ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು? ಸರಿಯುತ್ತರ ಕೊಟ್ಟವರು ಶೇ 21 ಮಾತ್ರ. ದಿನವೂ ಇದೇ ಪರೀಕ್ಷೆಯ ಫಲಿತಾಂಶ ನೋಡುವ ತಜ್ಞರು ಅವರು.

ಅದೇ ಲೆಕ್ಕವನ್ನು ತಲೆಗಳ ಎಣಿಕೆಯಲ್ಲಿ ಹೇಳಿ. ಸಾವಿರ ಮಹಿಳೆಯರಿದ್ದಾರೆ. ಹತ್ತು ಮಂದಿಗೆ ಕ್ಯಾನ್ಸರ್ ಇದೆ, ಅವರಲ್ಲಿ ಒಂಬತ್ತು ಮಂದಿಗೆ ಪಾಸಿಟಿವ್ ಬರುತ್ತದೆ. ಉಳಿದ 990 ಮಂದಿಗೆ ಕ್ಯಾನ್ಸರ್ ಇಲ್ಲ, ಆದರೂ 89 ಮಂದಿಗೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ ಬಂದ 98 ಮಂದಿಯಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು 9. ಅಂದರೆ ಹತ್ತರಲ್ಲಿ ಒಬ್ಬರು. ಹೀಗೆ ಎಣಿಸುವುದನ್ನು ಕಲಿಸಿದ ಮೇಲೆ ಅದೇ ವೈದ್ಯರಲ್ಲಿ ಶೇ 87 ಮಂದಿ ಸರಿಯುತ್ತರ ಕೊಟ್ಟರು.

ಇದರಿಂದ ತಿಳಿಯುವುದೇನೆಂದರೆ, ವೈದ್ಯರ ಬುದ್ಧಿ ಮೊದಲೂ ಅಷ್ಟೇ ಇತ್ತು, ನಂತರವೂ ಅಷ್ಟೇ ಇತ್ತು. ಬದಲಾದದ್ದು ಹೇಳುವ ರೀತಿ. ಔಷಧಿಯ ಲಾಭವನ್ನು ಶೇಕಡಾವಾರು ಇಳಿಕೆಯಲ್ಲಿ ಹೇಳಿದಾಗ ವೈದ್ಯರು ಅದನ್ನು ಬರೆಯಲು ಹೆಚ್ಚು ಒಲವು ತೋರುತ್ತಾರೆ, ಅದೇ ಲಾಭವನ್ನು ನೂರಕ್ಕೆ ಎಷ್ಟು ಮಂದಿ ಎಂದು ಹೇಳಿದಾಗ ಒಲವು ತಗ್ಗುತ್ತದೆ. 1990ರ ದಶಕದಿಂದಲೂ ಹಲವು ಅಧ್ಯಯನಗಳು ಇದನ್ನು ಕಂಡಿವೆ. ಮಾರಾಟಗಾರರಿಗೆ ಈ ಗುಟ್ಟು ಗೊತ್ತಿಲ್ಲದೆ ಇರುವುದಿಲ್ಲ.

'ನಂಬಲಾಗಿದೆ' ಎಂದರೆ ನಂಬಿದ್ದು ಯಾರು?

ಅಂಕಿಗಳಷ್ಟೇ ಅಲ್ಲ, ವ್ಯಾಕರಣವೂ ಮರೆಮಾಚುತ್ತದೆ. ಇದಕ್ಕೆ ಅಮೆರಿಕದ ಆಕ್ಸಿಕಾಂಟಿನ್ ಪ್ರಕರಣಕ್ಕಿಂತ ಕಹಿಯಾದ ಉದಾಹರಣೆ ಸಿಗದು. ಅಫೀಮಿನ ಗುಂಪಿಗೆ ಸೇರಿದ ಈ ನೋವುನಿವಾರಕಕ್ಕೆ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಮಾತ್ರೆ ನಿಧಾನವಾಗಿ ಕರಗುವುದರಿಂದ ದುರ್ಬಳಕೆಯ ಸಾಧ್ಯತೆ ಕಡಿಮೆ ಎಂದು 'ನಂಬಲಾಗಿದೆ', ಇಂಥದೊಂದು ವಾಕ್ಯ ಅದರ ಅಧಿಕೃತ ವಿವರದಲ್ಲಿತ್ತು. ಯಾರು ನಂಬಿದ್ದು? ಯಾವ ಪ್ರಯೋಗದಿಂದ? ವಾಕ್ಯ ಅದನ್ನು ಹೇಳುವುದಿಲ್ಲ. ಕರ್ತೃವೇ ಇಲ್ಲದ ಆ ಒಂದು ಸಾಲನ್ನು ಹಿಡಿದು ರೆಪ್‌ಗಳು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ನಡೆದರು. ಚಟ ಹಿಡಿಯುವವರು ಶೇ 1ಕ್ಕಿಂತ ಕಡಿಮೆ ಎಂಬ ಇನ್ನೊಂದು ಮಾತೂ ಜೊತೆಗಿತ್ತು. ಅದರ ಬೇರು 1980ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಐದೇ ವಾಕ್ಯಗಳ ಪತ್ರ. ಅದು ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳ ಬಗ್ಗೆ ಬರೆದದ್ದು. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

2007ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್‌ನಷ್ಟು ಹಣ ಕಟ್ಟಿತು. ಅಷ್ಟರಲ್ಲಿ ಊರಿಗೆ ಊರೇ ಚಟಕ್ಕೆ ಬಿದ್ದಾಗಿತ್ತು. ಔಷಧಿ ಬರೆದ ವೈದ್ಯರಲ್ಲಿ ಬಹುಪಾಲು ಜನ ಲಂಚ ತಿಂದವರಲ್ಲ, ಅಸ್ಪಷ್ಟ ವಾಕ್ಯವೊಂದನ್ನು ಒಳ್ಳೆಯ ಮನಸ್ಸಿನಿಂದ ನಂಬಿದವರು.

ನಿಯಮ ಎಲ್ಲಿಯವರೆಗೆ ಬರುತ್ತದೆ?

ಭಾರತದಲ್ಲಿ ಔಷಧ ಮಾರಾಟ ಪ್ರಚಾರಕ್ಕೆ ಏಕರೂಪ ಸಂಹಿತೆಯೊಂದಿದೆ, ಯುಸಿಪಿಎಂಪಿ ಎಂದು ಅದನ್ನು ಕರೆಯುತ್ತಾರೆ. 2015ರಿಂದ ಸ್ವಯಂಪ್ರೇರಿತವಾಗಿದ್ದ ಅದನ್ನು ಕೇಂದ್ರದ ಔಷಧ ಇಲಾಖೆ ಹೊಸದಾಗಿ ರೂಪಿಸಿ 2024ರ ಮಾರ್ಚ್ 12ರಂದು ಪ್ರಕಟಿಸಿತು. ಉಡುಗೊರೆ ಕೊಡಬಾರದು, ವಿದೇಶ ಪ್ರವಾಸ ಮಾಡಿಸಬಾರದು, ಸ್ಯಾಂಪಲ್‌ಗಳಿಗೆ ಮಿತಿ ಇರಬೇಕು ಎಂಬ ನಿಯಮಗಳು ಸುದ್ದಿಯಾದವು. ಭಾಷೆಯ ಬಗ್ಗೆಯೂ ಅದರಲ್ಲಿ ಕೆಲವು ಒಳ್ಳೆಯ ಮಾತುಗಳಿವೆ. 'ಸುರಕ್ಷಿತ' ಎಂಬ ಪದವನ್ನು ಷರತ್ತಿಲ್ಲದೆ ಬಳಸುವಂತಿಲ್ಲ. ಅಡ್ಡಪರಿಣಾಮವೇ ಇಲ್ಲ ಎಂದು ಸಾರಾಸಗಟಾಗಿ ಹೇಳುವಂತಿಲ್ಲ. ಭಾರತದ ಮಾರುಕಟ್ಟೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಔಷಧಿಯನ್ನು 'ಹೊಸದು' ಎನ್ನುವಂತಿಲ್ಲ. ಮಾಹಿತಿ ಸಮತೋಲನದಿಂದಿರಬೇಕು, ಪರಿಶೀಲನೆಗೆ ಒಡ್ಡುವಂತಿರಬೇಕು.

ಗಮನಿಸಬೇಕಾದದ್ದು ಸಂಹಿತೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಮಾತು ನಿಜವಾಗಿರಬೇಕು ಎನ್ನುತ್ತದೆ, ಅರ್ಥವಾಗುವಂತಿರಬೇಕು ಎಂಬುದಕ್ಕೆ ಅಳತೆಗೋಲು ಕೊಡುವುದಿಲ್ಲ. 'ಶೇ 38 ಇಳಿಕೆ' ಎಂಬ ಸಾಲು ಈ ನಿಯಮಗಳನ್ನೆಲ್ಲ ದಾಟಿ ಹೋಗುತ್ತದೆ, ಏಕೆಂದರೆ ಅದು ನಿಜ, ಪರಿಶೀಲಿಸಬಹುದು. ಇನ್ನು ದೂರುಗಳನ್ನು ಮೊದಲು ಕೇಳುವುದು ಔಷಧ ಕಂಪನಿಗಳ ಸಂಘಗಳೇ ರಚಿಸಿದ ನೈತಿಕ ಸಮಿತಿ. ಮೇಲ್ಮನವಿ ಮಾತ್ರ ಇಲಾಖೆಯ ಕಾರ್ಯದರ್ಶಿ ಮುಂದಾಳಾಗಿರುವ ಸಮಿತಿಗೆ. ಹೊಸ ಸಂಹಿತೆಯಡಿ ದೇಶದ ಗಮನ ಸೆಳೆದ ಕ್ರಮ 2024ರ ಡಿಸೆಂಬರ್‌ನದ್ದು, 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ ಕಳಿಸಿದ್ದಕ್ಕೆ ಒಂದು ಕಂಪನಿಗೆ ವಾಗ್ದಂಡನೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ವೈದ್ಯರಿಗೆ ಕೊಟ್ಟ ಉಡುಗೊರೆಯ ಖರ್ಚಿಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ ಎಂದು ಹೇಳಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಟಿಕೆಟ್ಟು, ಹೋಟೆಲ್ ಬಿಲ್ಲು ಎಣಿಸಲು ಸುಲಭ, ವಾಕ್ಯ ಎಣಿಸಲು ಕಷ್ಟ. ಹಾಗಾಗಿ ನಿಯಮದ ಕಣ್ಣೆಲ್ಲ ಉಡುಗೊರೆಯ ಮೇಲಿದೆ.

ಓಆರ್‌ಎಸ್ ಸುದ್ದಿ ಬಂದ ತಿಂಗಳಲ್ಲೇ ಮಧ್ಯಪ್ರದೇಶದ ಛಿಂದ್ವಾಡಾದ ಕೆಮ್ಮಿನ ಸಿರಪ್ ದುರಂತವೂ ದೇಶವನ್ನು ನಡುಗಿಸಿತು, 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಾವುಗಳಿಗೆ ಕಾರಣ ಸಿರಪ್‌ನಲ್ಲಿ ಸೇರಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದು ತಯಾರಿಕೆಯ ಅಪರಾಧ, ಭಾಷೆಯ ಪ್ರಶ್ನೆಯಲ್ಲ. ಎರಡನ್ನೂ ಕಲಸಬಾರದು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಇತ್ತು. ಕೆಮ್ಮು-ನೆಗಡಿ ಸಿರಪ್‌ಗಳಲ್ಲಿ ಬಳಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎಂಬ ಔಷಧಿಗಳ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದರು. ದೆಹಲಿಯ ಆ ಸೂಚನೆ ಸಣ್ಣ ಊರಿನ ಕ್ಲಿನಿಕ್ಕಿಗೆ ಯಾವ ದಾರಿಯಲ್ಲಿ ತಲುಪಬೇಕಿತ್ತು? ಹೊಸ ಬ್ರ್ಯಾಂಡಿನ ಸುದ್ದಿ ತರಲು ರೆಪ್ ಇದ್ದಾರೆ. 'ಇದನ್ನು ಕೊಡಬೇಡಿ' ಎಂಬ ಸುದ್ದಿ ತರಲು ಯಾರೂ ಬಾಗಿಲು ತಟ್ಟುವುದಿಲ್ಲ.

ಯಾರ ವಾದ ಏನು?

ಕಂಪನಿಗಳ ವಾದದಲ್ಲಿ ಒಂದಷ್ಟು ತೂಕವಿದೆ. ತಾಂತ್ರಿಕ ಪದ ನಿಖರವಾದದ್ದು, ಅದನ್ನು ಸಡಿಲ ಮಾಡಿದರೆ ಹೇಳಬಾರದ್ದನ್ನು ಹೇಳಿದಂತಾಗಬಹುದು. 'ಹೃದಯ ವೈಫಲ್ಯ'ದ ಜಾಗದಲ್ಲಿ 'ಹೃದಯದ ತೊಂದರೆ' ಎಂದು ಬರೆದರೆ ಔಷಧಿಯ ವ್ಯಾಪ್ತಿಯೇ ಹಿಗ್ಗಿಬಿಡುತ್ತದೆ. ಇದು ನಿಜವಾದ ಅಪಾಯ. ಆದರೆ ತಿಳಿಯಾದ ಭಾಷೆ ಎಂದರೆ ರೋಗದ ಹೆಸರನ್ನು ಕಿತ್ತುಹಾಕುವುದಲ್ಲ. ವೈದ್ಯರಿಗೆ 'ಕೀಟೊಅಸಿಡೋಸಿಸ್' ಗೊತ್ತು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಸಬೇಕಾದದ್ದು ಯಾರಿಗೆ, ಎಷ್ಟು ಮಂದಿಗೆ, ಯಾವುದಕ್ಕೆ ಹೋಲಿಸಿ, ಎಷ್ಟು ಕಾಲ ಎಂಬುದನ್ನು.

ಕೆಲವು ಹಿರಿಯ ವೈದ್ಯರ ಆಕ್ಷೇಪ ಬೇರೆ ಬಗೆಯದು. ಸರಳವಾಗಿ ಹೇಳಿದರೆ ತಮ್ಮ ಓದಿಗೆ ಅವಮಾನ ಎಂಬ ಭಾವನೆ ಅವರದು. ಕಷ್ಟದ ಪದಕ್ಕೆ ಗೌರವ, ಸುಲಭದ ಪದಕ್ಕೆ ತಾತ್ಸಾರ ಎಂಬ ರೂಢಿ ನಮ್ಮ ಇಡೀ ಶಿಕ್ಷಣದ್ದು, ವೈದ್ಯರೊಬ್ಬರದ್ದೇ ಅಲ್ಲ. ಕಷ್ಟದ ಹಾಳೆ ಅರ್ಥವಾಗಲಿಲ್ಲ ಎಂದು ರೆಪ್ ಮುಂದೆ ಹೇಳಿಕೊಳ್ಳಲು ಯಾವ ವೈದ್ಯರಿಗೂ ಮನಸ್ಸು ಬರುವುದಿಲ್ಲ. ಈ ಸಂಕೋಚವೇ ಅಸ್ಪಷ್ಟ ಭಾಷೆಯ ಬಂಡವಾಳ ಎಂಬುದು ನನ್ನ ಅಭಿಪ್ರಾಯ.

ರೆಪ್‌ಗಳ ಮಾತನ್ನು ಕೇಳುವವರು ಕಡಿಮೆ. ವಾಕ್ಯ ಬರೆಯುವುದು ಮುಂಬೈನ ಮಾರ್ಕೆಟಿಂಗ್ ವಿಭಾಗ, ಅದನ್ನು ಒಪ್ಪಿಸುವುದು ಬಿಸಿಲಲ್ಲಿ ಬೈಕ್ ಓಡಿಸಿ ಮುಳಬಾಗಿಲಿಗೆ ಬಂದ ಹುಡುಗ. ಟಾರ್ಗೆಟ್ ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು. ಹೇಳಿಕೊಟ್ಟ ಸಾಲಿನಾಚೆ ಮಾತಾಡುವ ಸ್ವಾತಂತ್ರ್ಯ ಅವರಿಗಿಲ್ಲ. ಅವರ ಅಖಿಲ ಭಾರತ ಒಕ್ಕೂಟವೇ ಮಾರಾಟ ಸಂಹಿತೆಗೆ ಕಾನೂನಿನ ಬಲ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿರುವುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಕನ್ನಡದ ಒರೆಗಲ್ಲು

ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕು ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಪರ-ವಿರೋಧದ ಚರ್ಚೆ ನಡೆಯಿತು. ಚೀಟಿಯ ಲಿಪಿಯ ಬಗ್ಗೆ ನಡೆದಷ್ಟು ಮಾತು ಚೀಟಿ ಹುಟ್ಟುವ ಮೊದಲು ವೈದ್ಯರ ಕಿವಿಗೆ ಬಿದ್ದ ಭಾಷೆಯ ಬಗ್ಗೆ ನಡೆಯಲಿಲ್ಲ.

ಪ್ರಚಾರದ ಹಾಳೆಗಳೆಲ್ಲ ಕನ್ನಡದಲ್ಲೇ ಅಚ್ಚಾಗಬೇಕು ಎಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. ವೈದ್ಯರು ಇಂಗ್ಲಿಷಿನಲ್ಲಿ ಓದಿದವರು. ಆದರೆ ಅವರ ಕೋಣೆಯಲ್ಲಿ ಇಂಗ್ಲಿಷ್ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಕನ್ನಡವಾಗಿ ಹೊರಡಬೇಕು, ಬಾಗೇಪಲ್ಲಿ, ಪಾವಗಡ, ಮುಳಬಾಗಿಲಿನ ಕಡೆ ಎಷ್ಟೋ ಸಲ ತೆಲುಗಾಗಿ. ಆದ್ದರಿಂದ ಒಂದು ಪರೀಕ್ಷೆ ಸಾಧ್ಯ. ಹಾಳೆಯ ವಾಕ್ಯವನ್ನು ಎದುರಿಗೆ ಕೂತ ರೋಗಿಗೆ ಕನ್ನಡದಲ್ಲಿ ಹೇಳಲು ಬರುತ್ತದೆಯೇ? 'ಸುಪೀರಿಯರ್ ಗ್ಲೈಸಿಮಿಕ್ ಡ್ಯುರಬಿಲಿಟಿ' (ಸಕ್ಕರೆ ಹೆಚ್ಚು ಕಾಲ ಹತೋಟಿಯಲ್ಲಿರುತ್ತದೆ ಎಂಬರ್ಥ) ಎಂಬುದನ್ನು ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಕೆಲಸಗಾರ್ತಿಗೆ ಹೇಳಲು ಹೊರಟರೆ ಯಾವ ಔಷಧಿಗಿಂತ ಮೇಲು, ಎಷ್ಟು ವರ್ಷ, ಎಷ್ಟು ಜನರಲ್ಲಿ ಎಂಬ ಪ್ರಶ್ನೆಗಳು ತಾವೇ ಏಳುತ್ತವೆ. ಹಾಳೆಯಲ್ಲಿ ಅದಕ್ಕೆ ಉತ್ತರ ಇಲ್ಲದಿದ್ದರೆ ಆ ವಾಕ್ಯದಲ್ಲಿ ಮಾಹಿತಿ ಇರಲಿಲ್ಲ ಎಂದರ್ಥ, ಇದ್ದದ್ದು ಸದ್ದು ಮಾತ್ರ.

ಎಂಪಾಗ್ಲಿಫ್ಲೊಜಿನ್ ಹಾಳೆಯನ್ನು ಈ ಒರೆಗೆ ಹಚ್ಚಿ ಬರೆದರೆ ಅದು ಹೀಗಿರಬಹುದು: 'ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಎರಡೂ ಇರುವ ನೂರು ಜನ ಮೂರು ವರ್ಷ ತೆಗೆದುಕೊಂಡರೆ ಹೃದಯದ ಕಾರಣಕ್ಕೆ ಸಾಯುವವರು ಆರರಿಂದ ನಾಲ್ಕಕ್ಕೆ ಇಳಿಯುತ್ತಾರೆ. ನೂರು ಮಹಿಳೆಯರಲ್ಲಿ ಹತ್ತು ಮಂದಿಗೆ ಜನನಾಂಗದ ಸೋಂಕು ಬರಬಹುದು, ಔಷಧಿ ಇಲ್ಲದಿದ್ದರೆ ಮೂವರಿಗೆ. ವಾಂತಿ-ಭೇದಿಯಾದಾಗ, ಉಪವಾಸವಿದ್ದಾಗ ನಿಲ್ಲಿಸಿ, ವೈದ್ಯರನ್ನು ಕೇಳಬೇಕು. ಒಂದು ಮಾತ್ರೆಗೆ ಇಷ್ಟು ರೂಪಾಯಿ.' ನಾಲ್ಕು ವಾಕ್ಯ. ಮೂವತ್ತು ಸೆಕೆಂಡಿನಲ್ಲಿ ಓದಬಹುದು, ಆಮೇಲೆ ಹಾಗೇ ರೋಗಿಗೂ ಹೇಳಬಹುದು. ಔಷಧಿಯ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಯಾರಿಗೆ ಕೊಡಬೇಕೋ ಅವರಿಗೆ ಇನ್ನೂ ಧೈರ್ಯವಾಗಿ ಕೊಡಬಹುದು.

ಮುಂದೇನಾಗಬಹುದು?

ಮಾರಾಟದ ಭಾಷೆ ಹೀಗೇ ಮುಂದುವರಿದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಹೃದ್ರೋಗ ಇಲ್ಲದವರೂ ಹೃದಯದ ಹೆಸರಿನಲ್ಲಿ ಮಾತ್ರೆ ನುಂಗುತ್ತಾರೆ, ತಿಂಗಳ ಔಷಧಿ ಖರ್ಚು ಏರುತ್ತದೆ. ಎಚ್ಚರಿಕೆ ತಿಳಿಯದೆ ತೊಂದರೆಯಾದವರು ವೈದ್ಯರ ಮೇಲಿನ ನಂಬಿಕೆ ಕಳೆದುಕೊಂಡು ಒಳ್ಳೆಯ ಔಷಧಿಯನ್ನೂ ಬಿಡುತ್ತಾರೆ. ಸಿಟ್ಟೆಲ್ಲ ಬೀಳುವುದು ಎದುರಿಗೆ ಸಿಗುವ ಊರಿನ ವೈದ್ಯರ ಮೇಲೆ, ವಾಕ್ಯ ಬರೆದವರ ಮೇಲಲ್ಲ.

ದಾರಿಗಳು ಇಲ್ಲದಿಲ್ಲ. ಲಾಭವನ್ನು ಶೇಕಡಾವಾರು ಇಳಿಕೆಯಲ್ಲಿ ಹೇಳುವ ಪ್ರತಿ ಹಾಳೆಯೂ ಅದೇ ಗಾತ್ರದ ಅಕ್ಷರದಲ್ಲಿ 'ನೂರಕ್ಕೆ ಎಷ್ಟು ಮಂದಿ' ಎಂಬುದನ್ನೂ ಹೇಳಬೇಕು ಎಂಬ ಒಂದೇ ಸಾಲನ್ನು ಸಂಹಿತೆಗೆ ಸೇರಿಸಿದರೂ ಬಹಳಷ್ಟು ಬದಲಾಗುತ್ತದೆ. ಇನ್ನೊಂದು ದಾರಿ ನಮ್ಮ ಕೈಯಳತೆಯಲ್ಲೇ ಇದೆ. ಕಂಪನಿಯ ಹಂಗಿಲ್ಲದ ತಜ್ಞರು ರೆಪ್‌ಗಳಂತೆಯೇ ವೈದ್ಯರ ಕೋಣೆಗೆ ಹೋಗಿ ಮಾತಾಡುವ ಪದ್ಧತಿಯನ್ನು ಅಮೆರಿಕದಲ್ಲಿ 1980ರ ದಶಕದಲ್ಲೇ ಪ್ರಯೋಗಿಸಿ ನೋಡಲಾಯಿತು, ಬೇಡದ ಔಷಧಿ ಬರೆಯುವುದು ಕಡಿಮೆಯಾಯಿತು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ಔಷಧ ವಿಜ್ಞಾನ ವಿಭಾಗಗಳು ತಿಂಗಳಿಗೊಂದು ಹಾಳೆ ಬರೆದು, ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಯಲ್ಲಿ ತಾಲ್ಲೂಕಿನ ಕ್ಲಿನಿಕ್‌ಗಳಿಗೆ ಕಳಿಸುವುದಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ. ಔಷಧಿಯಿಂದ ತೊಂದರೆಯಾದರೆ ದಾಖಲಿಸಲು ರಾಷ್ಟ್ರೀಯ ವ್ಯವಸ್ಥೆಯೊಂದು ಆಗಲೇ ಇದೆ. 1800-180-3024 ಎಂಬ ಉಚಿತ ಸಂಖ್ಯೆಗೆ ವೈದ್ಯರಷ್ಟೇ ಅಲ್ಲ, ರೋಗಿಗಳೂ ಕರೆ ಮಾಡಬಹುದು.

ಇನ್ನೊಂದು ಪರೀಕ್ಷೆಯೂ ಇದೆ. ತೂಕ ಇಳಿಸುವ, ಸಕ್ಕರೆ ಕಾಯಿಲೆಗೂ ಕೊಡುವ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಎಂಪಾಗ್ಲಿಫ್ಲೊಜಿನ್‌ಗೆ ಬಂದಂತೆ ಇದಕ್ಕೂ ಬ್ರ್ಯಾಂಡ್‌ಗಳ ಮಳೆ ಬರುತ್ತದೆ. ಅದರ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇ 15ರಷ್ಟು ಇಳಿಯಿತು. ಈ ಅಂಕಿ ಪ್ರತಿ ಹಾಳೆಯ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ ಎಂದು ಈಗಲೇ ಹೇಳಬಹುದು. ಅದೇ ಪ್ರಯೋಗದಲ್ಲಿ ನೂರಕ್ಕೆ 44 ಮಂದಿಗೆ ಓಕರಿಕೆ ಬಂದಿತ್ತು, ಔಷಧಿ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಬಿ.ಎಚ್. ರಸ್ತೆಯ ಕ್ಲಿನಿಕ್ಕಿನ ಮೇಜಿಗೆ ಬರುವ ಹಾಳೆಯಲ್ಲಿ ಈ ಎರಡು ಸಾಲುಗಳು ಯಾವ ಗಾತ್ರದ ಅಕ್ಷರದಲ್ಲಿರುತ್ತವೆ ಎಂಬುದನ್ನು ತುಮಕೂರಿನ ವೈದ್ಯರು ಮೊದಲು ನೋಡಬೇಕು.